ಎಲ್ಲಾ ಹಲ್ಲೂ ಇವೆ

ನಮ್ಮನೆಯವರು ಹಲ್ಲು ಕಟ್ಟುವವರು. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಂಬಂಧ ಕುದುರಿಸಿದವರು ನನಗೆ ಅದನ್ನು ಹೇಳಿರಲಿಲ್ಲ. ಡಾಕ್ಟರು ಮುಂದಿನ ಕೋಣೆಯಲ್ಲಿ ಬಾಯಿ ನೋಡಿ ಅಳತೆ ತೆಗೆಯುತ್ತಾರೆ. ಹಿಂದೆ, ಕಿಟಕಿಯಿಲ್ಲದ ಲ್ಯಾಬಿನಲ್ಲಿ ಇವರು ಮೇಣ ಕರಗಿಸಿ, ಪ್ಲಾಸ್ಟರ್ ಕಲಸಿ ಹಲ್ಲಿನ ಸೆಟ್ಟು ತಯಾರು ಮಾಡುತ್ತಾರೆ. ಹೊಸ ಹಲ್ಲು ಹಾಕಿಕೊಂಡು ಕನ್ನಡಿ ನೋಡಿ ಹಿಗ್ಗಿದವರೆಲ್ಲ ಡಾಕ್ಟರಿಗೆ ಕೈಮುಗಿದು ಹೋಗುತ್ತಾರೆ. ಗೋಡೆಯ ಹಿಂದೆ ಒಬ್ಬರು ಕೂತಿದ್ದಾರೆಂದು ಯಾರಿಗೂ ಗೊತ್ತಿಲ್ಲ.

"ನಿಮಗೆ ಬೇಜಾರಾಗಲ್ವೇನ್ರೀ?" ಎಂದು ಒಮ್ಮೆ ಕೇಳಿದ್ದೆ.

"ಕಟ್ಟಿದ ಹಲ್ಲು ಅಂತ ಯಾರಿಗೂ ಗೊತ್ತಾಗ್ಬಾರ್ದು ಕಣೆ. ಗೊತ್ತಾಯ್ತು ಅಂದ್ರೆ ನನ್ನ ಕೆಲ್ಸ ಕೆಟ್ಟಿದೆ ಅಂತ ಅರ್ಥ."

ಅದೇ ಅವರ ಧರ್ಮ, ಅದೇ ಅವರ ಹಟ. ಒಮ್ಮೆ ಒಬ್ಬ ಗಿರಾಕಿ ಕೆಂಡಾಮಂಡಲವಾಗಿ ಬಂದಿದ್ದನಂತೆ. ಯಾವುದೋ ಪಾರ್ಟಿಯಲ್ಲಿ ನೀಲಿ ದೀಪ ಹಾಕಿ ಕುಣಿಯುತ್ತಿದ್ದಾಗ ಎಲ್ಲರ ಹಲ್ಲೂ ಬೆಳ್ಳಗೆ ಹೊಳೆಯಿತು, ಇವನ ಮುಂದಿನ ನಾಲ್ಕು ಹಲ್ಲು ಮಾತ್ರ ಕಪ್ಪಗೆ ಕಂಡು ಬೊಚ್ಚುಬಾಯಿ ಅಜ್ಜನಂತಾದ. ನಿಜವಾದ ಹಲ್ಲು ಆ ದೀಪಕ್ಕೆ ಹೊಳೆಯುತ್ತದಂತೆ, ಅಗ್ಗದ ಕಟ್ಟು ಹಲ್ಲು ಹೊಳೆಯುವುದಿಲ್ಲವಂತೆ. ಅಂದಿನಿಂದ ಇವರು ಹಲ್ಲು ಮಾಡಲು ಆ ದೀಪಕ್ಕೂ ಹೊಳೆಯುವ ದುಬಾರಿ ಪುಡಿಯನ್ನೇ ತರಿಸುತ್ತಾರೆ. ಬೇರೆ ಪುಡಿ ಮುಟ್ಟುವುದಿಲ್ಲ. ಈ ಪುಡಿಯೇ ಮುಂದೆ ನಮ್ಮ ಮಾನ ತೆಗೆಯಿತು.

ಇಂಥ ಗಂಭೀರ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಡೈನೋಸಾರ್ ಹುಚ್ಚು ಹಿಡಿಯಿತು. ಕ್ಲಿನಿಕ್ಕಿನಲ್ಲಿ ಯಾವುದೋ ಮಗು ಬಿಟ್ಟುಹೋದ ಮುರುಕು ಬೊಂಬೆಗೆ ಕಾಲು ಕೂರಿಸಿದ್ದೇ ಶುರು. ಆಮೇಲೆ ಗೊತ್ತಾಯಿತು, ಎಂದೋ ಬಾಗಿಲು ಮುಚ್ಚಿದ ಒಂದು ಬೊಂಬೆ ಕಾರ್ಖಾನೆಯ ರಬ್ಬರ್ ಡೈನೋಸಾರ್‌ಗಳಿಗಾಗಿ ದೊಡ್ಡ ದೊಡ್ಡವರೆಲ್ಲ ಫೋನಿನಲ್ಲಿ ಹರಾಜು ಕೂಗುತ್ತಾರೆಂದು. ಅವರದೊಂದು ಗುಂಪು. ಇವರೂ ಸೇರಿದರು. ಮುರಿದದ್ದನ್ನು ಕೊಳ್ಳುವುದು, ಸರಿಮಾಡುವುದು, ಮಾರುವುದು. ಮನೆ ತುಂಬ ರಟ್ಟಿನ ಡಬ್ಬಿ.

ನನಗೋ ನಾಚಿಕೆ. ನಾದಿನಿ ಬಂದು "ಏನತ್ತಿಗೆ, ಇಷ್ಟೊಂದು ಪಾರ್ಸಲ್ಲು?" ಎಂದರೆ "ಲ್ಯಾಬಿನ ಸಾಮಾನು" ಎನ್ನುತ್ತಿದ್ದೆ. ತಲೆ ನರೆತ ಗಂಡಸು ಊಟದ ಮೇಜಿನ ಮೇಲೆ ಡೈನೋಸಾರಿನ ಹೊಟ್ಟೆಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಾನೆಂದು ಹೇಗೆ ಹೇಳಲಿ? ನಾಚಿಕೆ ಎಂದರೆ ಅಷ್ಟೇ ಎಂದುಕೊಂಡಿದ್ದೆ ಆಗ.

ಆದರೆ ಒಂದು ಮಾತು ಒಪ್ಪಬೇಕು. ಆ ಗುಂಪಿನಲ್ಲಿ ಇವರಿಗೆ ಇದ್ದ ಮರ್ಯಾದೆ ಲ್ಯಾಬಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಕೈಯಲ್ಲಿ ಹಿಡಿದು ನೋಡಲಾಗದ ವ್ಯಾಪಾರ ಅದು, ಬರೆದವರ ಮಾತನ್ನೇ ನಂಬಬೇಕು. ಗೀರು, ಅಂಟು, ಬಳಿದ ಬಣ್ಣ, ಕೂರಿಸಿದ ಬೆರಳು, ಎಲ್ಲವನ್ನೂ ಬೊಂಬೆಯ ಚಿತ್ರದ ಕೆಳಗೆ ಬರೆಯಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಇವರು ಬರೆಯುತ್ತಿದ್ದರು, ಸೂಜಿಮೊನೆಯಷ್ಟು ಕಲೆಯನ್ನೂ ಬಿಡದೆ. ಅದಕ್ಕೇ ಎಲ್ಲರೂ "ಮೇಷ್ಟ್ರು" ಎಂದು ಕರೆಯುತ್ತಿದ್ದರು. ಮೇಷ್ಟ್ರು ಹೇಳಿದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಹೀಗಿರುವಾಗ ಒಂದು ರಾಶಿ ಗುಜರಿಯ ಜೊತೆ ದೊಡ್ಡಬಾಯಿಯ ಡೈನೋಸಾರ್ ಒಂದು ಬಂತು. ಮೈಯೆಲ್ಲ ಹೊಸದರಂತಿದೆ, ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಾನು ನಕ್ಕೆ. ಇವರು ನಗಲಿಲ್ಲ. ಅದನ್ನು ಲ್ಯಾಬಿಗೆ ಒಯ್ದರು. ತಂದು ತೋರಿಸಿದಾಗ, ದೇವರಾಣೆ, ನನ್ನ ಕಣ್ಣೇ ನಂಬಲಿಲ್ಲ. ಸಣ್ಣದು, ದೊಡ್ಡದು, ಸ್ವಲ್ಪ ಸೊಟ್ಟ, ಸ್ವಲ್ಪ ಹಳದಿ, ಅಲ್ಲೇ ಹುಟ್ಟಿದ ಹಲ್ಲುಗಳಂತೆ ಕೂತಿದ್ದವು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅದನ್ನು ಹರಾಜಿಗೆ ಹಾಕಿದರು. ನಿವೃತ್ತ ಬಸ್ ಡ್ರೈವರೊಬ್ಬರು, ಗುಂಪಿಗೆಲ್ಲ ಡ್ರೈವರಣ್ಣ, "ಮೇಷ್ಟ್ರೇ, ಬಾಯಿ ಸರಿಯಾಗಿದೆಯಾ?" ಎಂದು ಕೇಳಿ ಬರೆದರು. ಇವರು ಬಹಳ ಹೊತ್ತು ಫೋನಿನ ಪರದೆಯನ್ನೇ ನೋಡಿದರು. ಆಮೇಲೆ ಬರೆದರು: "ಎಲ್ಲಾ ಹಲ್ಲೂ ಇವೆ."

"ರೀ, ಕಟ್ಟಿದ್ದು ಅಂತ ಬರೀಬೇಕಲ್ವಾ?" ಎಂದೆ.

"ನಾನೇನ್ ಸುಳ್ಳು ಬರ್ದಿದೀನಾ? ಎಣಿಸ್ಕೊಳ್ಳಲಿ ಬೇಕಾದ್ರೆ."

"ಓಹೋ, ಭಾರಿ ಲಾಯರು!"

ನನ್ನ ಬಾಯಿ ಜೋರು, ಸುಮ್ಮನಿರುವವಳಲ್ಲ. ಆದರೆ ಅವರು ಎದ್ದು ಹೋಗಿಬಿಟ್ಟರು. ದುಡ್ಡಿನಾಸೆಯಲ್ಲ ಅದು, ಅಷ್ಟು ನಾನು ಬಲ್ಲೆ. ತನ್ನ ಕೆಲಸ ಗೊತ್ತಾಗಬಾರದು ಎಂಬ ಹಳೆಯ ಹಟ. ಬಾಯಿಯೊಳಗಿನ ಧರ್ಮವನ್ನು ಬಜಾರಿಗೆ ತಂದರು. ಡೈನೋಸಾರ್ ಡ್ರೈವರಣ್ಣನ ಪಾಲಾಯಿತು.

ಆ ಗುಂಪಿನವರು ಭಾನುವಾರ ಬೆಳಿಗ್ಗೆ ವಿಡಿಯೊದಲ್ಲಿ ಸೇರುತ್ತಾರೆ, ಒಬ್ಬೊಬ್ಬರೂ ತಮ್ಮದೊಂದು ಬೊಂಬೆ ತೋರಿಸುತ್ತಾರೆ. ನಾನು ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತು ಬಟ್ಟೆ ಮಡಿಸುತ್ತಿದ್ದೆ. ಡ್ರೈವರಣ್ಣನ ಸರದಿ ಬಂತು. ಮೊಮ್ಮಗಳು ಅವರಿಗೊಂದು ನೀಲಿ ಟಾರ್ಚು ಕೊಡಿಸಿದ್ದಳಂತೆ, ನೋಟು ಖರೆಯೋ ಖೋಟಾನೋ ನೋಡುವಂಥದು.

"ಮಜಾ ನೋಡಿ ಎಲ್ರೂ!" ಎಂದು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿ ಟಾರ್ಚು ಬಿಟ್ಟರು. ದೊಡ್ಡಬಾಯಿಯ ಹಲ್ಲುಗಳೆಲ್ಲ ಬೆಳ್ಳಗೆ ಹೊಳೆದವು. ಡ್ರೈವರಣ್ಣ ಖುಷಿಯಿಂದ ಬಾಯ್ತುಂಬ ನಕ್ಕರು, ಅವರ ಹಲ್ಲೂ ಹಾಗೇ ಹೊಳೆದವು. ಅವರದೂ ಡೈನೋಸಾರಿನದೂ ಒಂದೇ ಬಣ್ಣ. ರಬ್ಬರ್ ಬೊಂಬೆಯ ಹಲ್ಲು ಯಾಕೆ ಹೊಳೆಯುತ್ತದೆ? ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು.

ಯಾರೋ ಒಬ್ಬರು "ರಿಪೇರಿ ಏನಾದ್ರೂ ಆಗಿರ್ಬಹುದಾ?" ಎಂದು ಮೆಲ್ಲಗೆ ಕೇಳಿದರು.

"ಮೇಷ್ಟ್ರು ಕೊಟ್ಟಿದ್ದು ರೀ ಇದು! ರಿಪೇರಿ ಆಗಿದ್ರೆ ಬರೀತಿರ್ಲಿಲ್ವಾ?" ಎಂದು ಡ್ರೈವರಣ್ಣ ರೇಗಿದರು.

ಪ್ರಶ್ನೆ ಕೇಳಿದವರೇ ಕ್ಷಮೆ ಕೇಳಿದರು. ಆಗ ನರ್ಸಮ್ಮ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ಹುಡುಗಿ, "ಮೇಷ್ಟ್ರೇ, ಕಾರ್ಖಾನೆಯಿಂದ ಹೊಳೆಯೋ ಹಲ್ಲಿಂದು ಬೇರೇನೇ ಒಂದು ಅಚ್ಚು ಬಂದಿತ್ತಾ?" ಎಂದಳು. ಎಲ್ಲರೂ ಇವರ ಬಾಯಿ ನೋಡುತ್ತಿದ್ದರು. ಇವರ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಬಂದಿರ್ಬಹುದು" ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ವಾರದೊಳಗೆ "ಹೊಳೆಯುವ ಹಲ್ಲಿನ ಅಪರೂಪದ ಅಚ್ಚು" ಎಂದು ಊರೂರಿಗೆ ಸುದ್ದಿಯಾಯಿತು. ಕೊಡಿ ಕೊಡಿ ಎಂದು ಎಲ್ಲರೂ ದುಂಬಾಲು ಬಿದ್ದಾಗ ಡ್ರೈವರಣ್ಣ ಅದನ್ನು ಹರಾಜಿಗೆ ಹಾಕಿದರು.

ನಮ್ಮನೆಯವರು ಅರ್ಧ ಊಟಕ್ಕೇ ಎದ್ದರು. "ನಾನೇ ವಾಪಸ್ ತಗೊಂಡ್ಬಿಡ್ತೀನಿ. ಯಾರಿಗೂ ಮೋಸ ಆಗಲ್ಲ, ಯಾರಿಗೂ ಗೊತ್ತಾಗಲ್ಲ" ಎಂದರು. ನೋಡಿ, ಆಗಲೂ ಗೊತ್ತಾಗಬಾರದು ಎಂಬುದೇ! ಆ ಹರಾಜಿನಲ್ಲಿ ಯಾರು ಕೂಗಿದರೆಂದು ಎಲ್ಲರಿಗೂ ಕಾಣುತ್ತದೆ. ಮೇಷ್ಟ್ರೇ ಕೂಗುತ್ತಿದ್ದಾರೆ ಎಂದಮೇಲೆ ಇನ್ನೇನು ಬೇಕು? ಅನುಮಾನವಿದ್ದವರಿಗೂ ಅನುಮಾನ ಹೋಯಿತು. ಇವರು ಒಂದು ಮೆಟ್ಟಿಲು ಏರಿದರೆ ಮಿಕ್ಕವರು ಎರಡು ಏರಿದರು. ಕೊನೆಗೆ ಉಳಿದವರು ಇಬ್ಬರೇ, ಇವರು ಮತ್ತು ನರ್ಸಮ್ಮ.

"ಈ ಹುಡುಗಿಗೆ ಇಷ್ಟು ದುಡ್ಡು ಎಲ್ಲಿಂದ ಬರ್ಬೇಕು?" ಎಂದು ಚಡಪಡಿಸುತ್ತ ಫೋನಿನಲ್ಲಿ ಅವಳ ಪುಟ ಸರಿಸುತ್ತಿದ್ದವರು ಇದ್ದಕ್ಕಿದ್ದಂತೆ ಕಲ್ಲಾದರು. ನಾನು ಹೋಗಿ ಇಣುಕಿದೆ. ನರ್ಸಮ್ಮ ತನ್ನ ಬೊಂಬೆಗಳನ್ನೆಲ್ಲ ಮಾರಿಕೊಂಡಿದ್ದಳು. ಎಲ್ಲದರ ಮೇಲೂ "ಮಾರಾಟವಾಗಿದೆ" ಎಂಬ ಕೆಂಪು ಪಟ್ಟಿ. ಕೊನೆಯದು ಒಂದು ಉದ್ದಕತ್ತಿನದು. ಅದರ ಕೆಳಗೆ ಬರೆದಿದ್ದಳು: "ನಮ್ಮಪ್ಪ ಕೊಡಿಸಿದ್ದು. ಬಾಲದ ಮೇಲೆ ಹಲ್ಲಿನ ಗುರುತಿದೆ, ಚಿಕ್ಕವಳಿದ್ದಾಗ ನಾನು ಕಚ್ಚಿದ್ದು. ಬೆಲೆ ಕಡಿಮೆಯಾದರೂ ಪರವಾಗಿಲ್ಲ, ಹೇಳಬೇಕಲ್ಲ."

ಹೇಳಬೇಕಲ್ಲ ಎಂಬ ಆ ಮಾತನ್ನು ಇವರು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಹರಾಜು ಮುಗಿಯಲು ಇನ್ನೂ ಹೊತ್ತಿತ್ತು. ಇವರು ಡ್ರೈವರಣ್ಣನ ಬೊಂಬೆಯ ಕೆಳಗೆ, ಎಲ್ಲರಿಗೂ ಕಾಣುವ ಕಡೆ ಬರೆದರು: "ಇದು ಅಪರೂಪದ ಅಚ್ಚಲ್ಲ. ಈ ಹಲ್ಲು ನಾನು ಕಟ್ಟಿದ್ದು. ಮಾರುವಾಗ ಮುಚ್ಚಿಟ್ಟೆ. ಕೇಳಿದಾಗಲೂ ಮುಚ್ಚಿಟ್ಟೆ. ಡ್ರೈವರಣ್ಣನವರದು ಏನೂ ತಪ್ಪಿಲ್ಲ." ಕಟ್ಟಿದ್ದು ನಾನು ಎಂದು ಅವರು ಜೀವಮಾನದಲ್ಲಿ ಮೊದಲ ಸಲ ಹೇಳಿದ್ದು ಹೀಗೆ.

ಒಂದು ಗಂಟೆಯಲ್ಲಿ ಹರಾಜು ನಿಂತುಹೋಯಿತು. ಆಮೇಲೆ ಫೋನು ಬಡಿದುಕೊಂಡಿತು. ಇವರು ಎತ್ತಲಿಲ್ಲ, ನಾನೇ ಎತ್ತಿದೆ.

"ಯಾರು, ತಂಗೀನಾ?" ಎಂದರು ಡ್ರೈವರಣ್ಣ. "ಅವ್ರಿಗೆ ಕೊಡ್ಬೇಡಮ್ಮ ಫೋನು. ಕೊಟ್ರೆ ನಾನು ಏನಾದ್ರೂ ಅಂದ್ಬಿಡ್ತೀನಿ. ರಿಪೇರಿನಾ ಅಂತ ಕೇಳಿದವ್ರಿಗೆ ಇವ್ರ ಪರವಾಗಿ ರೇಗಿದ್ನಲ್ಲಮ್ಮ ನಾನು! ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ ಅವ್ರ ಮುಂದೆ?"

"ತಪ್ಪಾಯ್ತು ಅಣ್ಣ" ಎಂದೆ.

"ನೀನ್ಯಾಕಮ್ಮ ಕೇಳ್ತೀಯ?" ಎಂದು ಇಟ್ಟುಬಿಟ್ಟರು.

ಅವರು ಕೂಗಾಡಿದ್ದರೆ ಹಗುರಾಗುತ್ತಿತ್ತು. ನಾಚಿಕೆ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ನಾದಿನಿಯಿಂದ ಡಬ್ಬಿ ಬಚ್ಚಿಟ್ಟಿದ್ದು ಯಾವ ಲೆಕ್ಕ?

ಡ್ರೈವರಣ್ಣನಿಗೆ ಇವರು ದುಡ್ಡು ವಾಪಸ್ ಕಳಿಸಿದರು, ದೊಡ್ಡಬಾಯಿ ಮನೆಗೆ ಬಂತು. ಲ್ಯಾಬಿನಲ್ಲಿ ಕೂತು ಇವರು ಅದರ ಹಲ್ಲುಗಳನ್ನೆಲ್ಲ ಕಿತ್ತರು. ಗುಂಪಿನಲ್ಲಿ ಯಾರೂ ಇವರನ್ನು ಹೊರಗೆ ಹಾಕಲಿಲ್ಲ. ಏನನ್ನೂ ಕೇಳಲೂ ಇಲ್ಲ. ಭಾನುವಾರ ಇವರು ವಿಡಿಯೊ ಹಚ್ಚಿಕೊಳ್ಳುತ್ತಾರೆ, ತಮ್ಮ ಕ್ಯಾಮೆರಾ ಮುಚ್ಚಿಟ್ಟು ಕೂರುತ್ತಾರೆ.

ಆದರೆ ನರ್ಸಮ್ಮನ ಉದ್ದಕತ್ತಿನದು? ಅದನ್ನು ಕೊಂಡವರು ಯಾವುದೋ ದೇಶದವರು, ಎಷ್ಟು ಬೇಡಿಕೊಂಡರೂ ಕೊಡುವುದಿಲ್ಲ ಎಂದರು. ಇವರು ಹಟಕ್ಕೆ ಬಿದ್ದು ಹುಡುಕಿದರು. ತಿಂಗಳುಗಟ್ಟಲೆ ಹುಡುಕಿ ಅಂಥದೇ ಇನ್ನೊಂದನ್ನು ಹಿಡಿದರು. ಅದೇ ಅಚ್ಚು, ಅದೇ ಬಣ್ಣ, ಒಂದು ಗೀರಿಲ್ಲ. ದುಡ್ಡು ಬೇಡ ಎಂದು ಬರೆದು ಕಳಿಸಿಕೊಟ್ಟರು.

ಡಬ್ಬಿ ತಿರುಗಿ ಬಂತು. ಜೊತೆಗೆ ಫೋನಿನಲ್ಲಿ ನರ್ಸಮ್ಮ ಮಾತಾಡಿ ಕಳಿಸಿದ ಸಂದೇಶ. ಇವರು ಅದನ್ನು ಎಲ್ಲರೆದುರು ಕೇಳಬೇಕಾದವರಂತೆ ಗಟ್ಟಿಯಾಗಿಯೇ ಹಾಕಿದರು.

"ಮೇಷ್ಟ್ರೇ, ಕೋಪ ಇಲ್ಲ. ತುಂಬಾ ಚೆನ್ನಾಗಿದೆ ಇದು. ಆದ್ರೆ ನಂದಲ್ಲ. ಬಾಲದ ಮೇಲೆ ಬೆರಳಾಡಿಸ್ದೆ, ನನ್ನ ಹಲ್ಲಿನ ಗುರುತು ಸಿಗ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

ಇವರು ಉದ್ದಕತ್ತಿನದನ್ನು ಕೈಗೆತ್ತಿಕೊಂಡು ಬಾಲದ ಮೇಲೆ ಬೆರಳಾಡಿಸಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗೋಡೆಯ ಕಪಾಟು ನೋಡಿದರು. ಅಲ್ಲಿ ಲ್ಯಾಬಿನಿಂದ ತಂದಿಟ್ಟ ಹಳೆಯ ಪ್ಲಾಸ್ಟರ್ ಅಚ್ಚುಗಳ ಸಾಲಿದೆ. ದೊಡ್ಡವರ ಬಾಯಿ, ಮುದುಕರ ಬಾಯಿ, ಹಾಲುಹಲ್ಲಿನ ಮಕ್ಕಳ ಬಾಯಿ. ಮಗು ಕಚ್ಚಿದ ಗುರುತು ಇವರಿಗೆ ಒಂದು ಮಧ್ಯಾಹ್ನದ ಕೆಲಸ. ಯಾವ ಟಾರ್ಚು ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

"ರೀ" ಎಂದೆ.

ಅವರು ನನ್ನ ಕಡೆ ನೋಡಿದರು. ನಾನು ಏನನ್ನು ನೋಡಿದೆ ಎಂದು ಅವರಿಗೆ ಗೊತ್ತಾಯಿತು. ಕಿವಿಯ ತುದಿಯವರೆಗೆ ಕೆಂಪಾದರು, ಕಣ್ಣು ತುಂಬಿತು.

"ಕೈ ಹೋಗಿಲ್ಲ ಕಣೆ" ಎಂದರು. "ಮನಸ್ಸು ಹೋಗ್ಬಿಡ್ತು."

ಬೊಂಬೆಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೀನೇ ಇಟ್ಕೊ, ನನಗೆ ಸಿಗದ ಕಡೆ" ಎಂದು ಕೆಲಸಕ್ಕೆ ಹೊರಟರು.