ಚಿಕ್ಕವ್ವನ ಸೀಳುಮೂಗು

ಕಾದ ಹರಳೆಣ್ಣೆಗೆ ಅರಿಶಿನ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ನನ್ನ ಮೊಮ್ಮಗಳು ಮೂಗು ಚುಚ್ಚಿಸಿಕೊಂಡು ಬಂದ ಮೇಲೆ ಸೊಸೆ ಒಲೆಯ ಮುಂದೆ ಕೂತು ಆ ಎಣ್ಣೆ ಕಾಯಿಸುತ್ತಿದ್ದಳು. ಹುಡುಗಿ ತಾನೇ ಹಟ ಮಾಡಿ ಚುಚ್ಚಿಸಿಕೊಂಡದ್ದು. ಕನ್ನಡಿಯ ಮುಂದೆ ನಿಂತು, ಕೆಂಪಗೆ ಊದಿದ ಮೂಗನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತ ನೋವಿನಲ್ಲೂ ನಗುತ್ತಿದ್ದಳು. ಚೆಂದ ಕಾಣುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಆ ವಾಸನೆ ನನ್ನನ್ನು ಅಲ್ಲಿ ನಿಲ್ಲಗೊಡಲಿಲ್ಲ. ಹಿರೇಗುಂಟನೂರಿನ ಅಜ್ಜಿಯ ಮನೆಗೆ, ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತಿದ್ದ ನಡುಮನೆಗೆ ಎಳೆದುಕೊಂಡು ಹೋಯಿತು. ನೆಲದಡಿಯ ಹಗೇವಿನಿಂದ ತೆಗೆದ ಜೋಳದ ಮುಗ್ಗುಗಂಪು, ಮೂಲೆಯಲ್ಲಿ ಒಟ್ಟಿದ ಹತ್ತಿ, ಕೊಟ್ಟಿಗೆಯ ಎತ್ತುಗಳ ಉಸಿರು, ಅಜ್ಜನ ಕಂಬಳಿ. ಅದರ ನಡುವೆ ಮಣೆಯ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತ ನನ್ನ ಚಿಕ್ಕವ್ವ.

ಮೈಸೂರಿನಲ್ಲಿ ಒಡೆಯರು ಆಳುತ್ತಿದ್ದ ಕಾಲ. ನನ್ನನ್ನು ಹೆತ್ತವಳು ನಾನು ಮಾತು ಕಲಿಯುವ ಮುಂಚೆಯೇ ತೀರಿಹೋಗಿದ್ದಳು. ಅಜ್ಜ ಅಜ್ಜಿ ನನ್ನನ್ನು ತಮ್ಮ ಮನೆಗೆ ತಂದಿಟ್ಟುಕೊಂಡರು. ಸಾಕಿದವಳು ಮಾತ್ರ ಅವ್ವನ ತಂಗಿ ಹಾಲವ್ವ. ಹಾಲಿಗೂ ಅವಳ ಬಣ್ಣಕ್ಕೂ ಸಂಬಂಧವಿರಲಿಲ್ಲ. ನಮ್ಮ ಎರೆಭೂಮಿಯ ಕಪ್ಪು ಅವಳದು. ಅಗಲವಾದ ಮೂಗು, ದೊಡ್ಡ ಬಾಯಿ, ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಕಿವಿ ಚುಚ್ಚಿಸಿದ್ದರೂ ಮೂಗು ಮುಟ್ಟಲು ಅವಳು ಯಾರನ್ನೂ ಬಿಟ್ಟಿರಲಿಲ್ಲ. ಅಕ್ಕಸಾಲಿ ಬಂದ ದಿನ ಮಾಳಿಗೆ ಹತ್ತಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದಳಂತೆ. ಕಿರಿಮಗಳೆಂದು ಅಜ್ಜನೂ ಸುಮ್ಮನಾದ. ಓಣಿಯ ಹೆಂಗಸರು ಮಾತ್ರ ಸುಮ್ಮನಿರಲಿಲ್ಲ. "ದೀಪ ಇಡದ ಗೂಡಿನಂಗೈತೆ ಕಣವ್ವ ನಿನ್ ಮಗಳ ಮುಖ" ಎಂದು ಅಜ್ಜಿಗೆ ಹೇಳಿ ಹೋಗುತ್ತಿದ್ದರು. ನನಗೆ ಆ ಮುಖದಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ನಾನು ನಿದ್ದೆಯಿಂದ ಎದ್ದರೆ ಮೊದಲು ಕಾಣುತ್ತಿದ್ದ ಮುಖ ಅದು.

ಹೊಳಲ್ಕೆರೆ ಕಡೆಯ ಬಿ.ದುರ್ಗದಿಂದ ಹೆಣ್ಣು ನೋಡಲು ಬಂದರು. ಹುಡುಗ ರುದ್ರಪ್ಪನ ಮುಖ ನನಗೆ ನೆನಪಿನಲ್ಲಿ ಉಳಿಯಲಿಲ್ಲ, ಅವನ ತಾಯಿ ಶಿವಲಿಂಗಮ್ಮನದು ಉಳಿಯಿತು. ಎರಡು ಹೊಳ್ಳೆಗೂ ಹರಳಿನ ಮೂಗುಬಟ್ಟು, ಎಡಕ್ಕೆ ಕೆನ್ನೆ ಮುಟ್ಟುವಷ್ಟು ದೊಡ್ಡ ಮುತ್ತಿನ ನತ್ತು, ನಡುವೆ ತುಟಿಯ ಮೇಲೆ ತೂಗುವ ಬುಲಾಕು. ಬೆಲ್ಲದ ನೀರು ಕೊಟ್ಟರೆ ಒಂದು ಬೆರಳಿನಿಂದ ಬುಲಾಕನ್ನು ಎತ್ತಿ ಹಿಡಿದು ಕುಡಿದಳು. ಬಂದಿದ್ದ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಚಿಕ್ಕವ್ವನನ್ನು ಬೆಳಕಿಂಡಿಯ ಕೆಳಗೆ ನಿಲ್ಲಿಸಿ, ಗದ್ದ ಹಿಡಿದು ತಿರುಗಿಸಿ ನೋಡಿ ಹೇಳಿದಳು:

"ಹುಡುಗಿ ಗಟ್ಟಿ ಅವಳೆ, ಕೆಲ್ಸಕ್ಕಾಗ್ತಾಳೆ. ಮೂಗು ಮಾತ್ರ ಬೆರಣಿ ತಟ್ಟಿದಂಗೈತೆ. ಚುಚ್ಚಿಸ್ರಿ. ನಮ್ಮನೆ ನತ್ತು ಇಟ್ರೆ ಮುಚ್ಕಂತೈತೆ ಬಿಡ್ರಿ."

ಯಾರೋ ನಕ್ಕರು. ಅಜ್ಜನಿಗೆ ಮನೆತನ ಮೆಚ್ಚುಗೆಯಾಗಿತ್ತು. ಮಗಳಿಗೆ ವಯಸ್ಸು ಮೀರುತ್ತಿದೆ ಎನ್ನುವ ಮಾತು ಊರಲ್ಲಿ ಎದ್ದಿತ್ತು. ಈ ಸಲ ಅಕ್ಕಸಾಲಿ ಬಂದಾಗ ಅವಳು ಮಾಳಿಗೆ ಹತ್ತಲಿಲ್ಲ. ಮಣೆಯ ಮೇಲೆ ಕೂತು ನನ್ನ ಕೈಯನ್ನು ಹಿಡಿದುಕೊಂಡಳು. ತಂತಿ ಒಳಗೆ ಹೋದಾಗ ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಗಾಯ ಮಾಯುವಷ್ಟು ವ್ಯವಧಾನವನ್ನೂ ಬೀಗರು ಕೊಡಲಿಲ್ಲ. ಕೀವು ಒಸರುತ್ತಿದ್ದ ಮೂಗಿಗೆ ನತ್ತು ತೊಡಿಸಿಯೇ ಧಾರೆಯಾಯಿತು. "ಮೂಗಿಗಿಂತ ಮೂಗುತಿ ಭಾರ ಅಂತ ಸುಮ್ನೆ ಅಂದಿಲ್ಲ ದೊಡ್ಡೋರು" ಎಂದು ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಗೊಣಗಿದಳು.

ಮದುವೆಯಾಗಿ ಎರಡು ಬೇಸಿಗೆ ಕಳೆದಿರಬೇಕು. ಒಂದು ಮಧ್ಯಾಹ್ನ, ನಾಯಿಗಳೂ ನೆರಳು ಬಿಟ್ಟು ಏಳದ ಬಿಸಿಲಿನಲ್ಲಿ, ಚಿಕ್ಕವ್ವ ಸೆರಗನ್ನು ಮುಖಕ್ಕೆ ಒತ್ತಿ ಹಿಡಿದು ಒಳಗೆ ಬಂದಳು. ಸೆರಗು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಅವಳ ಕೈ ಬಿಡಿಸಿದಾಗ ನಾನು ಕಂಬದ ಹತ್ತಿರ ನಿಂತಿದ್ದೆ. ಎಡಹೊಳ್ಳೆ ತೂತಿನಿಂದ ಅಂಚಿನವರೆಗೂ ಸೀಳಿಹೋಗಿ ಎರಡಾಗಿತ್ತು. ಅಜ್ಜಿ ಮತ್ತೆ ಎಣ್ಣೆ ಕಾಯಿಸಿದಳು, ಮತ್ತೆ ಅರಿಶಿನ ಹಾಕಿದಳು. ಇನ್ನೊಂದು ಮದುವೆಗೆ, ಮಕ್ಕಳಾಗಲಿಲ್ಲ ಎಂದು ಅತ್ತೆಯದು ಒಂದು ನೆಪ, ಮುಖ ನೋಡಲಾಗುವುದಿಲ್ಲ ಎಂದು ಗಂಡನದು ಇನ್ನೊಂದು. ಹೊಸದುರ್ಗದ ಕಡೆ ಮಾಡದಕೆರೆಯಲ್ಲಿ ಬೆಳ್ಳಗಿನ ಹುಡುಗಿಯನ್ನು ನೋಡಿ ಬಂದಿದ್ದರು. ಆ ಹುಡುಗಿಗೆ ಇಡಲು ಮನೆಯ ನತ್ತು ಬೇಕಾಗಿತ್ತು.

"ಬಿಚ್ಚು ಅಂದ್ರು. ನಾನು ಕೇಳಿ ಚುಚ್ಚಿಸ್ಕಂಡಿದ್ದಲ್ಲ, ನೀವೇ ಚುಚ್ಚಿಸಿದ್ದು, ಈಗ ಬಿಚ್ಚಲ್ಲ ಅಂದೆ. ಅವ್ನು ಕೈ ಹಿಡ್ಕಂಡ. ಅವ್ರವ್ವ ಎಳೆದ್ಲು."

ಅಷ್ಟೇ ಹೇಳಿದ್ದು. ಅಜ್ಜ ಪಂಚಾಯ್ತಿ ಸೇರಿಸಿದ. ಹಿರಿಯರು ಎಲೆಯಡಿಕೆ ಹಾಕಿಕೊಂಡು ಕೇಳಿದರು. ನತ್ತು ಅವರ ಮನೆಯದು, ಗಂಡಹೆಂಡಿರ ಮಾತು, ಹೆಣ್ಣಾದವಳು ತಗ್ಗಬೇಕಿತ್ತು ಎಂದು ಎದ್ದು ಹೋದರು. ಪೇಟೆಯಿಂದ ಡಾಕ್ಟರು ಬಂದರು. ಹೊಲಿದರೆ ಕೂಡಿಕೊಳ್ಳುತ್ತದೆ, ಕಲೆ ಸಣ್ಣದಾಗಿ ಉಳಿಯಬಹುದು ಎಂದರು. ಚಿಕ್ಕವ್ವ ಅವರ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು.

"ಬ್ಯಾಡ ಸ್ವಾಮಿ. ಹೊಲಿದ್ರೆ ಮುಚ್ಚೋದು ನನ್ ಗಾಯ ಅಲ್ಲ, ಅವ್ರು ಮಾಡಿದ್ದು. ಇದು ತೆರಕಂಡೇ ಇರ್ಲಿ."

ಬೇರೆ ಹೆಂಗಸಾಗಿದ್ದರೆ ಸೆರಗು ಮುಂದಕ್ಕೆಳೆದುಕೊಂಡು ಮೂಲೆ ಸೇರುತ್ತಿದ್ದಳು. ಊರೂ ಅದನ್ನೇ ಎದುರು ನೋಡುತ್ತಿತ್ತು. ಚಿಕ್ಕವ್ವ ಆ ಮೂಗನ್ನು ಹೊತ್ತುಕೊಂಡು ಹೊರಗೆ ಹೊರಟಳು.

ಮಾಡದಕೆರೆಯ ನಿಶ್ಚಿತಾರ್ಥದ ಸುದ್ದಿ ತಂದವನು ಬಳೆಗಾರ. ಅಲ್ಲಿಗೆ ಹೋಗುತ್ತೇನೆಂದು ಚಿಕ್ಕವ್ವ ಎದ್ದಳು, ಅಜ್ಜ ಬೇಡವೆಂದ. ಅಜ್ಜಿ ಗಂಡನ ಮಾತು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಗಾಡಿ ಕಟ್ಸು. ನಾನೂ ಬರ್ತೀನಿ, ಹೋಗಾಣ ನಡಿ ಮಗಳೇ" ಎಂದಳು. ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲವಾದ್ದರಿಂದ ನಾನೂ ಹೋದೆ. ಹೊಸದುರ್ಗದಲ್ಲಿ ಅಜ್ಜಿಯ ತಂಗಿಯ ಮನೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಮಾಡದಕೆರೆ ಸೇರಿದೆವು. ಪಡಸಾಲೆ ತುಂಬ ಹೆಂಗಸರು. ಮಣೆಯ ಮೇಲೆ ಹುಡುಗಿ, ನಿಜವಾಗಿಯೂ ಚೆಲುವೆ, ಅವಳ ಮೂಗಿನಲ್ಲಿ ಆ ನತ್ತು. ಶಿವಲಿಂಗಮ್ಮ ಗೋಡೆಗೆ ಒರಗಿ ಎಲೆ ಮಡಚುತ್ತಿದ್ದಳು. ಚಿಕ್ಕವ್ವ ನೆಟ್ಟಗೆ ಹೋಗಿ ಹುಡುಗಿಯ ತಾಯಿಯ ಎದುರು ಕೂತು ಸೆರಗು ಇಳಿಸಿದಳು.

"ಅಯ್ಯೋ ಶಿವನೇ, ಯಾರವ್ವ ನೀನು? ಏನಾತು ಮೂಗಿಗೆ?" ಎಂದಳು ಆ ತಾಯಿ.

"ನಾನು ಈ ಮದ್ವೆಗಂಡಿನ ಹೇಣ್ತಿ. ನಿಮ್ ಮಗಳ ಮೂಗ್ನಾಗಿರೋ ನತ್ತು ಮೊನ್ನೆ ತನಕ ನನ್ ಮೂಗ್ನಾಗಿತ್ತು. ಬಿಚ್ಚಿ ಕೊಡ್ಲಿಲ್ಲ ಅಂತ ಕಿತ್ಕಂಡ್ರು. ಚೆನ್ನಾಗಿ ತೊಳ್ಕಳ್ರಿ ತಾಯಿ, ನನ್ ಮಾಂಸ ಅಂಟಿದ್ರೂ ಅಂಟಿರ್ಬೋದು."

ಮೊದಲು ಕದಲಿದ್ದು ಹುಡುಗಿಯ ಕೈ. ಅದು ಮೂಗಿಗೆ ಹೋಯಿತು. ನತ್ತು ಬಿಚ್ಚಿ ತಟ್ಟೆಗೆ ಹಾಕಿ, ಜೋರಾಗಿ ಅಳುತ್ತ ಒಳಗೆ ಓಡಿದಳು. ಹುಡುಗಿಯ ತಾಯಿ ಹಣ್ಣುಕಾಯಿಯ ತಟ್ಟೆಯನ್ನು ನತ್ತಿನ ಸಮೇತ ಎತ್ತಿಕೊಂಡು ಹೋಗಿ ಹೊಸಿಲಿನ ಆಚೆ ಇಟ್ಟು ಬಂದಳು. ವಾಪಸು ಬರುವಾಗ ಊರು ದಾಟಿದ ಮೇಲೆ ಚಿಕ್ಕವ್ವ "ಹೊಟ್ಟೆ ಹಸಿದೈತೆ, ರೊಟ್ಟಿ ಗಂಟು ಬಿಚ್ಚವ್ವ" ಎಂದಳು. ತವರಿಗೆ ಬಂದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲಿನ ವರ್ಷಗಳಲ್ಲಿ ಬಿ.ದುರ್ಗದ ಆ ಮನೆಯವರು ಯಾವ ಮದುವೆಗೆ ಹೋದರೂ ಚಿಕ್ಕವ್ವ ಅಲ್ಲಿರುತ್ತಿದ್ದಳು. ಕೂಗಾಡುತ್ತಿರಲಿಲ್ಲ. ಒಳ್ಳೆಯ ಇಳಕಲ್ ಸೀರೆಯುಟ್ಟು, ಹೂ ಮುಡಿದು, ಹಣೆಗೆ ವಿಭೂತಿ ಧರಿಸಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೆ ಮುಖ ಕಾಣಿಸುತ್ತಿತ್ತು. ರುದ್ರಪ್ಪನಿಗೆ ಎರಡನೆಯ ಹೆಣ್ಣು ಸಿಗಲಿಲ್ಲ, ಅವನ ತಮ್ಮನಿಗೆ ಮೊದಲನೆಯದೂ ಸಿಗಲಿಲ್ಲ. ದೂರದ ಹಿರಿಯೂರಿಗೆ ಹೋಗಿ ಕೇಳಿದರೆ ಅಲ್ಲಿಗೂ ಅವಳ ಕಥೆ ಇವರಿಗಿಂತ ಮೊದಲೇ ಮುಟ್ಟಿರುತ್ತಿತ್ತು. ಒಮ್ಮೆ ನಾನು ಕೇಳಿದೆ: "ಆ ತಮ್ಮ ಏನ್ ಮಾಡಿದ್ದ ಚಿಕ್ಕವ್ವ?" ಅವಳು ಕೈಯಲ್ಲಿದ್ದ ಹತ್ತಿಯ ಬೀಜ ಬಿಡಿಸುತ್ತಲೇ ಹೇಳಿದಳು: "ಏನೂ ಮಾಡ್ಲಿಲ್ಲ. ಬಾಗ್ಲಾಗೆ ನಿಂತ್ಕಂಡು ನೋಡ್ತಿದ್ದ."

ಅಷ್ಟರಲ್ಲಿ ನನ್ನ ಮೂಗಿನ ಮಾತು ಮನೆಯಲ್ಲಿ ಎದ್ದಿತ್ತು. ಅಕ್ಕಸಾಲಿಯನ್ನು ಕರೆಸೋಣ ಎಂದು ಅಜ್ಜ ಹೇಳಿದರೆ ಚಿಕ್ಕವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೂಗುಬಟ್ಟು ಬೇಕಾಗಿತ್ತು. ಗೆಳತಿಯರ ಮೂಗಿನಲ್ಲಿ ಬಿಸಿಲಿಗೆ ಮಿನುಗುತ್ತಿದ್ದ ಹರಳನ್ನು ಕಂಡು ಆಸೆಪಡುತ್ತಿದ್ದೆ, ಅವಳ ಮುಂದೆ ಬಾಯಿಬಿಡಲು ಹೆದರುತ್ತಿದ್ದೆ. ಕೊನೆಗೊಂದು ದಿನ ಹೇಳಿಯೇಬಿಟ್ಟೆ. ಅವಳು "ನಿನಗೇ ಬೇಕಾ? ಯಾರಾದ್ರೂ ನಿನ್ ಮೂಗು ಹಂಗೈತೆ ಹಿಂಗೈತೆ ಅಂದ್ರಾ?" ಎಂದಳು. ಯಾರೂ ಅನ್ನಲಿಲ್ಲ, ಚೆಂದ ಕಾಣುತ್ತದೆ ಅದಕ್ಕೆ ಎಂದೆ. ಅವಳು ನಕ್ಕಳು, ಆ ಹಳೆಯ ನಗು. "ಹಂಗಾದ್ರೆ ಚುಚ್ಚಿಸ್ಕ. ಚೆಂದದ ಮೇಲೆ ನನಗೇನ್ ಸಿಟ್ಟು?" ಅಕ್ಕಸಾಲಿ ಬಂದ ದಿನ ನನ್ನ ಕೈ ಅವಳೇ ಹಿಡಿದಿದ್ದಳು.

ಮುಂದಿನ ಸುಗ್ಗಿಗೆ ಶಿವಲಿಂಗಮ್ಮನೇ ನಮ್ಮ ಮನೆಗೆ ಬಂದಳು. ಗಾಡಿಯಿಂದ ಇಳಿಯಲು ಇಬ್ಬರು ಕೈಕೊಡಬೇಕಾಯಿತು. ಮೈ ಇಳಿದಿತ್ತು, ಮೂಗಿನ ಒಡವೆಗಳೆಲ್ಲ ಇದ್ದಲ್ಲೇ ಇದ್ದವು. ಚಿಕ್ಕವ್ವ ಕಂಬಳಿ ಹಾಸಿದಳು, ನೀರು ಬೆಲ್ಲ ತಂದಿಟ್ಟಳು. "ಕುಂತ್ಕಳ್ರಿ ಅತ್ತೆ, ದಣಿದು ಬಂದೀರಿ" ಎಂದಳು. ಆ ಮರ್ಯಾದೆಗೆ ಅಜ್ಜಿಯೇ ಬೆಚ್ಚಿದಳು. ಮುದುಕಿ ಸೆರಗಿನಿಂದ ಆ ಹಳೆಯ ನತ್ತನ್ನು ತೆಗೆದು ಮುಂದಿಟ್ಟಳು.

"ಇದು ನಿಂದೇ ಕಣವ್ವ, ಇಟ್ಕ. ಮನೆಗ್ ಬಾ. ಇಲ್ಲಾಂದ್ರೆ ಬರಬ್ಯಾಡ, ಆದ್ರೆ ಇನ್ ಸಾಕು ಮಾಡು. ಕಿರೇನಿಗೂ ತಲೆ ನರೀತಾ ಬಂತು. ಯಾರೂ ಹೆಣ್ ಕೊಡವಲ್ರು. ನಮ್ ವಂಶ ನಿಂತೋಗ್ತೈತೆ."

ಚಿಕ್ಕವ್ವ ನತ್ತನ್ನು ಮುಟ್ಟಲಿಲ್ಲ. "ಸಾಕು ಮಾಡ್ತೀನಿ ಅತ್ತೆ. ನಿಮ್ ಮೂಗ್ನಾಗಿರೋವು ಎಲ್ಲಾನೂ ಇಲ್ಲೇ ಬಿಚ್ರಿ. ಬೋಳು ಮೂಗ್ನಾಗೆ ನಿಮ್ಮೂರಿಗೆ ಹೋಗ್ರಿ. ಕೇಳಿದೋರಿಗೆ ಯಾಕೆ ಅಂತ ಹೇಳ್ರಿ."

"ನಮ್ ಯಜಮಾನ್ರು ಇನ್ನೂ ಬದುಕವ್ರೆ ಕಣೇ" ಎಂದಳು ಶಿವಲಿಂಗಮ್ಮ. ಮುತ್ತೈದೆಯ ಮೂಗು ಬೋಳಾಗುವುದೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ನನ್ನೋರೂ ಬದುಕವ್ರೆ ಅತ್ತೆ."

ಅಜ್ಜ "ಸಾಕು ಮಗಾ" ಎಂದ. ಅವಳು ಅತ್ತ ತಿರುಗಲಿಲ್ಲ. ಮುದುಕಿ ಮೊದಲು ಬುಲಾಕು ಬಿಚ್ಚಿದಳು, ಆಮೇಲೆ ನತ್ತು, ಆಮೇಲೆ ಮೂಗುಬಟ್ಟುಗಳು. ತಿರುಪು ಬಿಗಿದುಹೋಗಿದ್ದ ಒಂದನ್ನು ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ಎಲ್ಲ ಮಡಿಲಿಗೆ ಬಿದ್ದ ಮೇಲೆ ಎದುರಿಗಿದ್ದದ್ದು ಒಬ್ಬ ಸಾಮಾನ್ಯ ಮುದುಕಿ. ಜೋತುಬಿದ್ದ ತೂತುಗಳು, ನಡುವೆ ಒಂದು ಮೂಗು. ಚಿಕ್ಕವ್ವ ಗದ್ದ ಹಿಡಿದು ಆ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ನೋಡ್ರಿ ಅತ್ತೆ, ನಿಮ್ದೂ ಅಗಲ ಮೂಗೇ."

ಅಂದಿನಿಂದ ಅವಳು ಮಾತಿಗೆ ತಪ್ಪಲಿಲ್ಲ. ಆ ಮನೆಯ ಯಾವ ಕಾರ್ಯಕ್ಕೂ ಹೋಗಲಿಲ್ಲ. ಕಿರಿಯವನಿಗೆ ಹೆಣ್ಣು ಸಿಕ್ಕಿತು. ಚಿಕ್ಕವ್ವ ಹೊಲ ಮನೆ ನೋಡಿಕೊಂಡಳು, ಅಜ್ಜ ಅಜ್ಜಿಯನ್ನು ಮಣ್ಣು ಮಾಡಿದಳು, ನನ್ನ ಬಾಣಂತನಗಳನ್ನು ಮಾಡಿದಳು. ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಮಠದ ಅಯ್ಯನವರು ಹೇಳಿದಾಗ, "ನನ್ ಮನಸ್ಸು ಅವತ್ತೇ ಹಗುರಾತು ಬುದ್ಧಿ" ಎಂದು ಅಡ್ಡಬಿದ್ದು ಎದ್ದು ಬಂದವಳು.

ಅವಳು ತೀರಿಕೊಂಡಾಗ ನನ್ನ ಕೂದಲೂ ಬೆಳ್ಳಗಾಗಿತ್ತು. ನಮ್ಮ ಪದ್ಧತಿಯಂತೆ ಹೆಣವನ್ನು ನಡುಮನೆಯಲ್ಲಿ ಕೂರಿಸಿ, ವಿಭೂತಿ ಧರಿಸಿ, ಹೂ ಹಾಕಿದೆವು. ಮುತ್ತೈದೆಯನ್ನು ಬೋಳು ಮೂಗಿನಲ್ಲಿ ಕಳಿಸಬಾರದು, ಇನ್ನೊಂದು ಹೊಳ್ಳೆಗಾದರೂ ಏನಾದರೂ ಅಂಟಿಸಿ ಎಂದು ಹೆಂಗಸರು ಹೇಳಿದರು. ನಾನು ಬೇಡವೆಂದೆ. ಒಬ್ಬಳು ಸೀಳಿನ ಮೇಲೆ ಮಲ್ಲಿಗೆ ಸರ ಇಳಿಬಿಟ್ಟಳು, ಅದನ್ನೂ ಪಕ್ಕಕ್ಕೆ ಸರಿಸಿದೆ. ಆ ಹೊತ್ತಿಗೆ ರುದ್ರಪ್ಪ ಬಂದ. ಕೋಲೂರಿಕೊಂಡು ಗಂಡಸರ ಹಿಂದೆ ನಿಂತಿದ್ದ. ನಾನು ಹೋಗಿ ಕೈ ಹಿಡಿದು ಕರೆತಂದು ಅವಳ ಎದುರಿಗೇ ಕೂರಿಸಿದೆ. ಅವನು ತಲೆ ತಗ್ಗಿಸಿದ.

"ನೋಡ್ರಿ ಚಿಕ್ಕಪ್ಪ, ತಲೆ ಎತ್ತಿ ನೋಡ್ರಿ" ಎಂದೆ.

ನೋಡಿದ. "ಚೆಂದಿದ್ಲು" ಎಂದ. ನಾನು ಅವನಿಗೆ ನೀರು ಕೊಡಲಿಲ್ಲ, ಹೆಣ ಎತ್ತುವವರೆಗೂ ಅಲ್ಲಿಂದ ಏಳಗೊಡಲಿಲ್ಲ.

ಮಣ್ಣು ಮಾಡಿ ಬಂದು ಎಲ್ಲರೂ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿದೆ. ಬೀಸುಕಲ್ಲಿನ ಪಕ್ಕ, ಅಷ್ಟು ವರ್ಷ ಅವಳು ಕೂತು ಕೂತು, ನೆಲ ಸ್ವಲ್ಪ ತಗ್ಗಾಗಿತ್ತು. ಅಲ್ಲಿ ಕೈಯೂರಿ ಕೂತೆ. ಹೊರಗೆ ಯಾರದೋ ಗಾಡಿ ಹೋಯಿತು. ಈಗ ಆ ಮಾಳಿಗೆಯೂ ಬಿದ್ದಿದೆ, ಕಲ್ಲುಗಳನ್ನು ಯಾರೋ ಹೊತ್ತುಕೊಂಡು ಹೋಗಿದ್ದಾರೆ, ಆ ತಗ್ಗು ಎಲ್ಲಿತ್ತೆಂದು ತೋರಿಸಲು ನನ್ನಿಂದಲೂ ಆಗುವುದಿಲ್ಲ.