ಕಾವಿಗೆ ಕೂತ ಕೋಳಿ ಮತ್ತು ಸಾಯಿನಾಥನ ಹಿಂದಿನ ಗಾಲಿ

ಸಾಯಿನಾಥನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಅಂಕೋಲೆಯ ಹೊರಗಿನ ಕ್ವಾರಿಯಲ್ಲಿ ಮನೆ ಕಟ್ಟುವ ಕೆಂಪು ಚಿರೆಕಲ್ಲು ಕಡಿಯುವ ಆಳು ಅವನು. ಮಳೆಗಾಲದಲ್ಲಿ ಕ್ವಾರಿಗೆ ನೀರು ತುಂಬಿತೆಂದರೆ ಮೂರು ತಿಂಗಳು ಕೆಲಸವಿಲ್ಲ. ಆಗ ಅವನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರೆ ಲೋಟ ಕೈಯಲ್ಲಿ, ಮನಸ್ಸು ರಸ್ತೆಯ ಮೇಲೆ, ಮೊಣಕಾಲು ಮಾತ್ರ ಹೊಲಿಗೆ ಯಂತ್ರದಂತೆ ಮೇಲೆ ಕೆಳಗೆ. ಹೊನ್ನಜ್ಜಿಯ ಮನೆಯ ಎರಡು ಬಾಡಿಗೆ ಖೋಲಿಗಳಲ್ಲಿ ಒಂದು ಅವನದು, ಇನ್ನೊಂದು ನನ್ನದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕಲಿಸುವ ಚಟ ಶಾಲೆಯ ಗಂಟೆ ಹೊಡೆದ ಮೇಲೂ ಬಿಡುತ್ತಿರಲಿಲ್ಲ. ಈ ಕಥೆಯಲ್ಲಿ ಆದ ಅನಾಹುತಕ್ಕೆ ಕಾರಣ ಅದೇ.

ಕಾರವಾರದಲ್ಲಿ ಪ್ರತಿವರ್ಷ ದಸರೆಗೆ ಮುಂಚೆ ಸೈಕಲ್ ಓಟ ನಡೆಯುತ್ತಿತ್ತು. ಬಿಣಗಾ ಘಟ್ಟ ದಾಟಿ ತೋಡೂರಿಗೆ ಹೋಗಿ ತಿರುಗಿ ಬರಬೇಕು. ಮೊದಲ ಇಬ್ಬರಿಗೆ ರಾಜ್ಯದ ಓಟಕ್ಕೆ ಅವಕಾಶ. ಸಾಯಿನಾಥ ಹಿಂದಿನ ಎರಡು ವರ್ಷವೂ ನಾಲ್ಕನೆಯವನು. ಮೂವತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ, ಅವನಿಗೆ ಆಗ ಮೂವತ್ತನಾಲ್ಕು. ಅಂದರೆ ೧೯೮೯ರ ಓಟವೇ ಕಡೆಯದು.

ಚೌತಿ ಮುಗಿದರೂ ಆ ವರ್ಷ ಮಳೆ ಬಿಡಲಿಲ್ಲ. ಓಟಕ್ಕೆ ಇನ್ನು ಒಂದೇ ತಿಂಗಳು. ಸಾಯಿನಾಥ ಬಡಗಿಯಿಂದ ಒಂದು ಮರದ ಚೌಕಟ್ಟು ಮಾಡಿಸಿ ಖೋಲಿಯ ಒಳಗೆ ಸೈಕಲ್ಲನ್ನು ಅದರ ಮೇಲೆ ನಿಲ್ಲಿಸಿದ. ಹಿಂದಿನ ಗಾಲಿ ನೆಲ ಮುಟ್ಟುವುದಿಲ್ಲ. ಅದರ ಟೈರಿಗೆ ಒತ್ತಿಕೊಂಡು ಒಂದು ಭಾರದ ಮರದ ಉರುಳೆ. ತುಳಿದರೆ ಗಾಲಿಯ ಜೊತೆ ಉರುಳೆಯೂ ತಿರುಗಬೇಕು, ಕಾಲಿಗೆ ಘಟ್ಟ ಹತ್ತಿದಷ್ಟು ಶ್ರಮ. ಸೈಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಟೈರು ಹೊಸದು, ದಪ್ಪ ಹಲ್ಲಿನದು. ಮೊದಲ ಬೆಳಿಗ್ಗೆ ಅವನು ತುಳಿದಾಗ, ಹಿಟ್ಟಿನ ಗಿರಣಿಯನ್ನು ಯಾರೋ ನಮ್ಮ ಅಟ್ಟಕ್ಕೆ ಸಾಗಿಸಿದ್ದಾರೆ ಎಂದು ನಾನು ಹಾಸಿಗೆಯಿಂದ ಎದ್ದು ಕೂತೆ.

ನನಗಿಂತ ಮೊದಲು ಹೊನ್ನಜ್ಜಿ ಎದ್ದಿದ್ದಳು. ಅವಳ ಸಂಕಟವೇ ಬೇರೆ. ಸಾಯಿನಾಥನ ಗೋಡೆಗೆ ತಾಗಿದ ಜಗಲಿಯ ಮೂಲೆಯಲ್ಲಿ, ಬುಟ್ಟಿಯಲ್ಲಿ ಹುಲ್ಲು ಹಾಸಿ, ಹಿಂದಿನ ದಿನವಷ್ಟೇ ಹದಿಮೂರು ಮೊಟ್ಟೆಗಳ ಮೇಲೆ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಗುಡುಗಿನ ಸದ್ದಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಲ ಚೂರು ಇಟ್ಟಿದ್ದಳು.

"ಗುಡುಗಿಗೆ ಮೊಳೆ ಇಟ್ಟೆ ತಮಾ. ನಿನ್ನ ಸೈಕಲ್ಲಿಗೆ ಎಂತ ಇಡೂದು?" ಎಂದಳು.

"ಬುಟ್ಟಿ ಅತ್ಲಾಗೆ ಇಟ್ರೆ ಆಗೂದಿಲ್ವಾ ಅಜ್ಜಿ?"

"ಕಾವಿಗೆ ಕೂತದ್ದನ್ನ ಕದಲಿಸಿದ್ರೆ ಮತ್ತೆ ಕೂರೂದಿಲ್ಲ. ಇಪ್ಪತ್ತೊಂದು ದಿನ. ಅಷ್ಟರಲ್ಲಿ ಕೋಳಿ ಎದ್ದರೆ ನೀನೂ ಗಂಟುಮೂಟೆ ಕಟ್ಟಿ ಏಳು."

ಹೊನ್ನಜ್ಜಿ ಹೇಳಿದ್ದನ್ನು ಮಾಡುವವಳು. ನನಗಿಂತ ಮೊದಲು ನನ್ನ ಖೋಲಿಯಲ್ಲಿದ್ದ ಗುಮಾಸ್ತ ಹೋದದ್ದು ಬರೀ ರಾತ್ರಿ ಕೊಳಲೂದಿದ್ದಕ್ಕೆ.

ಸಾಯಿನಾಥ ಅಂಗಳಕ್ಕೂ ಬಾಗಿಲಿಗೂ ಓಡಾಡತೊಡಗಿದ. ಆಕಾಶ ನೋಡುವುದು, ಸೈಕಲ್ ನೋಡುವುದು, ಕೋಳಿ ನೋಡುವುದು. ಕೋಳಿಯೂ ಇವನನ್ನು ಒಂದೇ ಕಣ್ಣಿನಿಂದ ನೋಡುತ್ತಿತ್ತು. ಆಗ ನಾನು ಬಾಯಿ ಹಾಕಿದೆ.

"ಸಂಘರ್ಷ ಇದ್ದಲ್ಲಿ ಸದ್ದು ಇರುತ್ತದೆ ಸಾಯಿನಾಥ. ಟೈರಿಗೆ ಕೊಬ್ಬರಿ ಎಣ್ಣೆ ಹಚ್ಚು."

ಸಂಘರ್ಷವೆಂಬ ಮಾತು ನನ್ನ ವಿಷಯದ್ದೇ, ಹೌದು. ಆದರೆ ನಾನು ಕಲಿಸುತ್ತಿದ್ದದ್ದು ಕಾರ್ಮಿಕ ಮಾಲಿಕರ ಸಂಘರ್ಷ. ಸಾಯಿನಾಥ ಎಣ್ಣೆ ಹಚ್ಚಿದ. ಸದ್ದು ನಿಂತಿತು. ಕೋಳಿ ಕಣ್ಣು ಮುಚ್ಚಿತು. ಹೊನ್ನಜ್ಜಿ ಮೊದಲ ಸಲ ನನ್ನನ್ನು ಓದಿದವನೆಂದು ಒಪ್ಪಿ ಒಂದು ತಟ್ಟೆ ಸುಟ್ಟ ಗೆಣಸು ಕಳಿಸಿದಳು. ನಾನು ಪೂರ್ತಿ ತಿಂದೆ.

ಹತ್ತು ದಿನ ಸಾಯಿನಾಥ ಬೆಳಿಗ್ಗೆ ಸಂಜೆ ತುಳಿದ. ದಿನದಿಂದ ದಿನಕ್ಕೆ ಮುಖ ಅರಳುತ್ತಿತ್ತು.

"ಕಾಲಿಗೆ ಎಷ್ಟು ಬಲ ಬಂತು ಅಂದ್ರೆ ಮಾಸ್ತರ್ರೆ, ಭಾರವೇ ಗೊತ್ತಾಗೂದಿಲ್ಲ."

"ಅಭ್ಯಾಸ," ಎಂದೆ ನಾನು, ಅದೂ ನನ್ನದೇ ಸಾಧನೆಯೆಂಬಂತೆ.

ಹನ್ನೊಂದನೆಯ ದಿನ ಮಳೆ ಎರಡು ತಾಸು ಬಿಡುವು ಕೊಟ್ಟಿತು. ಟೈರು ಒರೆಸಿಕೊಂಡು ಅವರ್ಸಾದ ಕಡೆ ಹೊರಟವನು ಸೈಕಲ್ಲನ್ನು ನೂಕಿಕೊಂಡು ಬಂದ. ಜಗಲಿಯಲ್ಲಿ ಕೂತ. ಮೊಣಕಾಲು ಅಲ್ಲಾಡಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

"ಒಂದು ಸಣ್ಣ ಏರು ಹತ್ತೂಕೆ ಆಗ್ಲಿಲ್ಲ," ಎಂದ. "ಮುಂಚೆ ಹತ್ತತಿದ್ದೆ."

ಒಳಗೆ ಹೋಗಿ ಸೈಕಲ್ಲನ್ನು ಮತ್ತೆ ಚೌಕಟ್ಟಿಗೆ ಏರಿಸಿ ನೋಡಿದೆವು. ಪೆಡಲು ತುಳಿದರೆ ಗಾಲಿ ಗಿರ್ರನೆ ತಿರುಗುತ್ತದೆ, ಉರುಳೆ ನಿಂತಲ್ಲೇ ನಿಂತಿದೆ. ಉರುಳೆಗೆ ಮೆತ್ತಿದ ಎಣ್ಣೆಯಲ್ಲಿ ಟೈರು ಜಾರಿಕೊಂಡು ಹೋಗುತ್ತಿತ್ತು. ಅವನು ಹತ್ತು ದಿನ ತುಳಿದದ್ದು ಬರೀ ಗಾಳಿಯನ್ನು.

ಎಣ್ಣೆ ತೊಳೆದರೆ ಸದ್ದು, ಕೋಳಿ ಏಳುತ್ತದೆ. ಎಣ್ಣೆ ಹಾಗೇ ಬಿಟ್ಟರೆ ಓಟ ಹೋಗುತ್ತದೆ. ಮರುದಿನವೇ ಉರುಳೆಯನ್ನು ಉಜ್ಜಿ ತೊಳೆದು, ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಕಾರವಾರದ ಬಸ್ಸು ಹತ್ತಿದ. ತಪ್ಪಿತಸ್ಥನಾಗಿ ನಾನೂ ರಜೆ ಹಾಕಿ ಹೋದೆ. ಬಸ್ಸಿನಲ್ಲಿ ಅವನು ಮೂರು ಸಲ ಸೀಟು ಬದಲಿಸಿದ.

ಸೈಕಲ್ ಅಂಗಡಿಯ ಜಗದೀಶ ನಮ್ಮ ಕಥೆ ಕೇಳಿ ಪಂಪು ಕೆಳಗಿಟ್ಟ. ನಾನು ಗೋಡೆಯ ಮೇಲೆ ತೂಗುಹಾಕಿದ್ದ ಅತಿ ದಪ್ಪ ಟೈರನ್ನು ತೋರಿಸಿದೆ. ದಪ್ಪಗಿದ್ದರೆ ಸದ್ದು ಅದರೊಳಗೇ ಇಂಗುತ್ತದಲ್ಲವೇ ಎಂದೆ.

"ಸದ್ದು ಮಾಡೂದೇ ಈ ಹಲ್ಲು, ಮಾಸ್ತರ್ರೆ," ಎಂದ ಜಗದೀಶ. "ಒಂದೊಂದು ಹಲ್ಲೂ ಉರುಳೆಗೆ ಒಂದೊಂದು ಪೆಟ್ಟು ಕೊಡತದೆ. ಮಣ್ಣಿನ ರಸ್ತೆಗೆ ಹಲ್ಲು ಬೇಕು. ಮನೆಯೊಳಗೆ ಎಂತಕ್ಕೆ? ನಿಮಗೆ ಬೇಕಾದ್ದು ಬೋಳು ಟೈರು. ಹಿತ್ತಲಲ್ಲಿ ರಾಶಿ ಅದೆ, ಆರಿಸ್ಕೊಳ್ಳಿ."

ಗಿರಾಕಿಗಳು ಬಿಟ್ಟುಹೋದ ಸವೆದ ಟೈರುಗಳ ರಾಶಿ. ಸಾಯಿನಾಥ ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತ. ಕಲ್ಲಿನ ಮಟ್ಟ ನೋಡುವವನಂತೆ ಕಣ್ಣು ಮುಚ್ಚಿ ಒಂದೊಂದು ಟೈರಿನ ಮೇಲೂ ಅಂಗೈ ಆಡಿಸಿದ. ನೂಲು ಕಂಡದ್ದು ಬೇಡ, ಹರಿಯುತ್ತದೆ. ಒಂದು ಕಡೆ ಮಾತ್ರ ಸವೆದದ್ದು ಬೇಡ, ಸುತ್ತಿಗೊಮ್ಮೆ ಕುಣಿಯುತ್ತದೆ. ಆಮೇಲೆ ಉಗುರಿನಿಂದ ಗೀರಿ ಕಿವಿ ಕೊಟ್ಟ. ಹಲ್ಲಿದ್ದದ್ದು ಟರ್ರ್ ಎನ್ನುತ್ತಿತ್ತು, ಬೋಳಾದದ್ದು ಸುಯ್ ಎನ್ನುತ್ತಿತ್ತು. ಒಂದು ತಾಸು ಬೇಕಾಯಿತು. ಹಲ್ಲು ಹುಡುಕುವವರನ್ನು ಕಂಡಿದ್ದೆ, ಹಲ್ಲುದುರಿದ್ದನ್ನು ಇಷ್ಟು ಶ್ರದ್ಧೆಯಿಂದ ಹುಡುಕುವವನನ್ನು ಅಂದೇ ಕಂಡದ್ದು.

"ಗಾಳಿ ಗಟ್ಟಿ ಹೊಡಿ," ಎಂದ ಜಗದೀಶ. "ಸಡಿಲ ಇದ್ರೆ ಅದೂ ಗೊಣಗತದೆ."

ಆ ಸಂಜೆ ಸಾಯಿನಾಥ ತುಳಿದಾಗ ನಾನೂ ಹೊನ್ನಜ್ಜಿಯೂ ಕೋಳಿಯ ಎದುರು ಕೂತಿದ್ದೆವು. ಗೋಡೆಯ ಆಚೆಯಿಂದ ಅಕ್ಕಿ ಗೇರಿದಂಥ ಸದ್ದು ಬಂತು. ಕೋಳಿ ಕುತ್ತಿಗೆ ಎತ್ತಿತು. ಹೊನ್ನಜ್ಜಿ ನನ್ನ ತೋಳು ಹಿಡಿದಳು. ಕೋಳಿ ಒಂದು ಗಳಿಗೆ ಯೋಚಿಸಿ, ಮೊಟ್ಟೆಯೊಂದನ್ನು ಕೊಕ್ಕಿನಿಂದ ಒಳಗೆಳೆದುಕೊಂಡು ಮತ್ತೆ ಕೂತಿತು. ಒಳಗಿಂದ ಸಾಯಿನಾಥನ ಏದುಸಿರು ಕೇಳುತ್ತಿತ್ತು. ಕಾಲಿಗೆ ಭಾರ ಬಂದಿತ್ತು.

ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳಾದವು. ಅದಾದ ಒಂಬತ್ತನೆಯ ದಿನ ಓಟ. ಕಾರವಾರದಲ್ಲಿ ಗುರಿಯ ಹಗ್ಗದ ಬಳಿ ನಾನು ಕೊಡೆ ಹಿಡಿದು ನಿಂತಿದ್ದೆ. ಸಾಯಿನಾಥ ಮೂರನೆಯವನಾಗಿ ಬಂದ. ಎರಡನೆಯವನಿಗೂ ಅವನಿಗೂ ನಡುವೆ ಒಂದು ಸೈಕಲ್ಲಿನಷ್ಟು ಅಂತರ.

ಆ ಅಂತರದ ಉದ್ದ ಎಷ್ಟೆಂದು ನನಗೆ ಗೊತ್ತಿತ್ತು. ಹತ್ತು ದಿನ. ಬೈಯುತ್ತಾನೆಂದು ಕಾದೆ. ಅವನು ಅಂಗಿ ಹಿಂಡಿಕೊಂಡ, ನೀರು ಕುಡಿದ, ಸಮುದ್ರದ ಕಡೆ ನೋಡಿದ. ತಡೆಯಲಾರದೆ ನಾನೇ ಹೇಳಿದೆ, "ಆ ಎಣ್ಣೆ ನನ್ನ ತಪ್ಪು, ಸಾಯಿನಾಥ."

"ತಪ್ಪು ನಂದು ಮಾಸ್ತರ್ರೆ. ಎಣ್ಣೆ ಹಚ್ಚೂಕೆ ಮುಂಚೆ ನಿಮಗೆ ಸೈಕಲ್ ಬಿಡೂಕೆ ಬತ್ತದಾ ಅಂತ ನಾ ಕೇಳಬೇಕಾಗಿತ್ತು."

ನಾನು ಕೊಡೆ ಮಡಚಿದೆ. ನನ್ನ ನಲವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು.

"ಬರುವುದಿಲ್ಲ," ಎಂದೆ.

ಅವನು ಸೈಕಲ್ ತಿರುಗಿಸಿ ಹಿಂದಿನ ಕ್ಯಾರಿಯರನ್ನು ಅಂಗೈಯಿಂದ ಒರೆಸಿದ.

"ಹಿಂದೆ ಕೂರೂಕಾದ್ರೂ ಬತ್ತದಾ?"

ಕೂತೆ. ಬಸ್‌ಸ್ಟ್ಯಾಂಡಿನ ತನಕವೆಂದು ಹೊರಟವನು ಬಸ್‌ಸ್ಟ್ಯಾಂಡು ಬಂದರೂ ನಿಲ್ಲಿಸಲಿಲ್ಲ, ಅಂಕೋಲೆಯ ದಾರಿ ಹಿಡಿದು ಘಟ್ಟದ ಕಡೆಗೇ ತುಳಿದ.