ದೇವರ ಕೋಣೆಯ ಫುಟ್‌ಬಾಲು

ಆಯುಧಪೂಜೆ ದಿನ ಬೆಳಿಗ್ಗೆ ಮಾವನ ಮನೆ ದೇವರ ಕೋಣೆಯಲ್ಲಿ ಹಿತ್ತಾಳೆ ಡಬ್ಬಿ ನನ್ನ ಕೈಜಾರಿ ಬಿತ್ತು.

ಅಂಥಿಂಥ ಡಬ್ಬಿಯಲ್ಲ. ನಮ್ಮೂರಿನ ಮೊಟ್ಟಮೊದಲ ಫುಟ್‌ಬಾಲು ಇರುವ ಡಬ್ಬಿ.

ಯಾವೂರು ಅಂತ ಕೇಳಬೇಡಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಮೂರರಲ್ಲಿ ಒಂದು. ಮೂರರಲ್ಲೂ ನನಗೆ ನೆಂಟರಿದ್ದಾರೆ. ಮಾವ ಮಾತ್ರ ಪುಣ್ಯಕ್ಕೆ ಫೇಸ್‌ಬುಕ್ಕಿನಲ್ಲಿಲ್ಲ.

ಕಥೆ ಮಹಾರಾಜರ ಕಾಲದ್ದು. ಮೈಸೂರಿನಲ್ಲಿ ಓದಿ ಬಂದ ಸ್ಕೂಲ್ ಮೇಷ್ಟ್ರೊಬ್ಬರು ಟ್ರಂಕಿನಲ್ಲಿ ಒಂದು ಚರ್ಮದ ಚೆಂಡು ತಂದರಂತೆ. ಊರಿಗೆಲ್ಲ ಒಂದೇ ಚೆಂಡು, ಒಂದೇ ಟೀಮು.

ನನ್ನ ಮುತ್ತಜ್ಜ ಚನ್ನಪ್ಪ ಮುಂದೆ ನಿಂತು ಗೋಲು ಹೊಡೆಯೋರು. ಮಾವನ ಅಜ್ಜ ಸಿದ್ದಪ್ಪ ಕ್ಯಾಪ್ಟನ್ನು. ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವಷ್ಟು ದೋಸ್ತಿ.

ಆಯುಧಪೂಜೆ ಬಂತು. ಊರಿನವರು ನೇಗಿಲು, ತಕ್ಕಡಿ, ಕುಡುಗೋಲು ಪೂಜೆಗಿಟ್ಟರು. ಸಿದ್ದಪ್ಪಜ್ಜ ಚೆಂಡನ್ನೂ ಇಟ್ಟರು. ಮೂರು ಬೆರಳಿನ ವಿಭೂತಿ, ಕುಂಕುಮ, ಮೇಲೊಂದು ಹೂವಿನ ಹಾರ.

ಮಾರನೇ ದಿನ ವಿಜಯದಶಮಿ. ದುರ್ಗದ ಟೀಮು ಎರಡು ಎತ್ತಿನಗಾಡಿ ಕಟ್ಟಿಕೊಂಡು ಮ್ಯಾಚಿಗೆ ಬಂದಿಳಿಯಿತು.

ಆಗ ಹೊಳೆದದ್ದು... ಪೂಜೆ ಮಾಡಿದ್ದನ್ನ ಒದೆಯೋದು ಹೆಂಗೆ?

"ನೇಗಿಲು ಪೂಜೆ ಮಾಡಿ ಮಾರನೇ ದಿನ ಉಳಲ್ವೇನಲೇ?" ಅಂದರಂತೆ ನನ್ನ ಮುತ್ತಜ್ಜ.

"ಉಳ್ತೀನಿ. ನೇಗಿಲನ್ನ ಒದೀತೀನೇನಲೇ?" ಅಂದರಂತೆ ಸಿದ್ದಪ್ಪಜ್ಜ.

ಎರಡೂ ಮಾತು ಸರಿ. ಅದಕ್ಕೇ ಜಗಳ ಇವತ್ತಿಗೂ ಮುಗಿದಿಲ್ಲ. ಚೆಂಡು ದೇವರ ಕೋಣೆ ಸೇರಿತು, ದುರ್ಗದವರು ಹೋಳಿಗೆ ಉಂಡು ಗಾಡಿ ಹತ್ತಿದರು, ಟೀಮು ಎರಡಾಯಿತು. ಅವರದು ಮೇಲ್ಪೇಟೆ, ನಮ್ಮದು ಕೆಳಪೇಟೆ.

ಹೊಸ ಚೆಂಡು ಬಂದ ಮೇಲೂ ಮೇಲ್ಪೇಟೆಯವರು ಆದಷ್ಟೂ ತಲೆಯಿಂದಲೇ ಆಡುತ್ತಾರೆ. "ತಲೆ ತಾಗಿದರೆ ನಮಸ್ಕಾರ, ಕಾಲು ತಾಗಿದರೆ ತಿರಸ್ಕಾರ" ಅನ್ನೋದು ಅವರ ಕೂಗು.

ನಮ್ಮದು, "ದೇವರಿಗೆ ಬೇಕು ಹಾಲು, ಚೆಂಡಿಗೆ ಬೇಕು ಕಾಲು". ಇದು ಹೈಸ್ಕೂಲಿನಲ್ಲಿ ನಾನೇ ಕಟ್ಟಿದ್ದು. ನನ್ನ ಸಾಹಿತ್ಯದಲ್ಲಿ ಜನ ಒಪ್ಪಿದ್ದು ಇದೊಂದೇ.

ಇಂಥ ನಾನು ಮೇಲ್ಪೇಟೆ ಹುಡುಗಿಯನ್ನ ಮದುವೆಯಾದೆ. ನಾನು ಆಡೋನಲ್ಲ, ಬರೀ ಕೂಗೋನು ಅಂತ ಖಾತ್ರಿಯಾದ ಮೇಲೇ ಮಾವ ಒಪ್ಪಿದ್ದು.

ಪ್ರತಿ ವಿಜಯದಶಮಿಗೆ ಎರಡೂ ಟೀಮಿಗೆ ಮ್ಯಾಚು. ಮಾವ ಆ ಡಬ್ಬಿ ಎದೆಗವಚಿಕೊಂಡು ಗ್ರೌಂಡಿಗೆ ಬರುತ್ತಾರೆ. ತಮ್ಮ ಟೀಮಿನ ಒಬ್ಬೊಬ್ಬರ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿಂದ ಗಲಗಲ ಸದ್ದು... ಅದೇ ಆಶೀರ್ವಾದ. ಡಬ್ಬಿ ಮುಚ್ಚಳ ತೆಗೆಯೋ ಹಾಗೆ ಮಾತ್ರ ಇಲ್ಲ.

ಅದೀಗ ನನ್ನ ಕಾಲ ಬುಡದಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದೆ. ಒಳಗಿಂದ ಉರುಳಿ ಬಂದದ್ದು...

ಸೋರೆಬುರುಡೆ. ಒಣಗಿದ, ದುಂಡಗಿನ ಸೋರೆಬುರುಡೆ. ಗಲಗಲ ಅನ್ನುತ್ತಿದ್ದದ್ದು ಅದರ ಬೀಜ.

"ಬಾಗ್ಲು ಹಾಕ್ರಿ ಅಳಿಯಂದ್ರೆ." ಮಾವ ಹಿಂದೆಯೇ ನಿಂತಿದ್ದರು.

ಹಾಕಿದೆ. "ಚೆಂಡು ಎಲ್ಲಿ ಮಾವ?"

ಮಾವ ಮಣೆ ಮೇಲೆ ಕುಂತು ಹೇಳಿದರು. ಪೂಜೆಯಾದ ಮೂರನೇ ದಿನಕ್ಕೇ ಸಿದ್ದಪ್ಪಜ್ಜನ ಕಾಲು ತಡೆಯಲಿಲ್ಲವಂತೆ. ಬೆಳಗಿನ ಜಾವ ಚೆಂಡು ತೆಗೆದುಕೊಂಡು ಒಬ್ಬರೇ ಕೆರೆ ಅಂಗಳಕ್ಕೆ ಹೋದರು. ಒಂದೇ ಒಂದು ಒದೆ.

ಚೆಂಡು ಹೋಗಿ ಜಾಲಿಮುಳ್ಳಿನ ಮೇಲೆ ಕುಂತಿತು. ಪಂಕ್ಚರ್ ಅಂಗಡಿ ಇಲ್ಲದ ಕಾಲ. ಹಿತ್ತಲಲ್ಲಿ ಒಣಗುತ್ತಿದ್ದ ಬುರುಡೆ ಕೆಂಪು ಬಟ್ಟೆ ಸುತ್ತಿಸಿಕೊಂಡು ದೇವರಾಯಿತು.

"ಒಡೆದ ಚೆಂಡು ಏನಾಯ್ತು?"

"ನಿಮ್ಮನೆ ತಿಪ್ಪೇಲಿ ಹೂತ್ರಂತೆ."

"ನಮ್ಮ ತಿಪ್ಪೇಲಾ?"

"ಮತ್ತೆ? ಪೂಜೆ ಆಗಿದ್ದನ್ನ ನಮ್ ತಿಪ್ಪೇಲಿ ಹೂಳಾಕಾಗ್ತೈತಾ?"

ಅಪ್ಪನಿಂದ ಮಗನಿಗೆ ಬಂದ ಗುಟ್ಟಂತೆ. ಮಾವನಿಗೆ ಗಂಡುಮಕ್ಕಳಿಲ್ಲ. "ಮಗ್ಳಿಗೆ ಹೇಳಿದ್ರೆ ನಿಮಗೆ ಹೇಳ್ತಾಳೆ ಅಂತ ಸುಮ್ಮನಿದ್ದೆ" ಅಂದರು.

ಜೇಬಿನಲ್ಲಿ ಮೊಬೈಲು. ಒಂದು ಫೋಟೋ ತೆಗೆದು ಕೆಳಪೇಟೆ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ನಾಲ್ಕು ತಲೆಮಾರಿನ ವಾದ ಒಂದೇ ನಿಮಿಷದಲ್ಲಿ ಗೆದ್ದಂತೆ.

ಆಮೇಲೆ ಮಾವ ಗ್ರೌಂಡಿಗೆ ಬರೋ ಹಾಗಿಲ್ಲ. ನಾಳೆಯೂ, ಇನ್ಯಾವತ್ತೂ.

ಹೇಳಬೇಡಿ ಅಂತ ಅವರು ಅನ್ನಲಿಲ್ಲ. ಬುರುಡೆಗೆ ಬಟ್ಟೆ ಸುತ್ತಿ ಗಂಟು ಹಾಕಲು ನೋಡಿದರು. ಬಟ್ಟೆ ಜಾರುತ್ತಿತ್ತು, ಗಂಟು ನಿಲ್ಲಲಿಲ್ಲ.

"ಇಲ್ಲೊಂದು ಬೆರಳು ಇಡ್ರಿ."

ಇಟ್ಟೆ. ಮಾವ ಬಿಗಿಯಾಗಿ ಕಟ್ಟಿದರು.

ಮಾರನೇ ದಿನ ಗ್ರೌಂಡಿನಲ್ಲಿ ಮಾವ ಎಂದಿನಂತೆ ಡಬ್ಬಿ ಅಲ್ಲಾಡಿಸುತ್ತಾ ಬಂದರು. ನನ್ನ ಪಕ್ಕ ನಮ್ಮ ಕೆಳಪೇಟೆ ಮಂಜ, ಒಂದನೇ ಕ್ಲಾಸಿನಿಂದ ಜೊತೆಗಿರೋನು. ಎಲ್ಲರಿಗೂ ಕೇಳೋ ಹಾಗೆ ಅಂದ, "ಲೇ, ಚೆಂಡಾಗಿದ್ರೆ ಅದ್ಯಾಕ್ ಗಲಗಲ ಅಂತೈತೆ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಮಾವ ನಿಂತಲ್ಲೇ ನಿಂತರು. ಡಬ್ಬಿಯೂ ಸುಮ್ಮನಾಯಿತು.

"ಹಳೇ ಚೆಂಡಲ್ವೇನೋ" ಅಂದೆ. "ಒಳಗಿನ ಗಾಳಿ ಒಣಗಿ ಕಾಳಾಗಿರ್ತೈತೆ."

ಮಂಜ ಬಿಎಸ್ಸಿ ಓದಿದವನು. ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹ್ಞೂಂ, ಇರಬಹುದು" ಅಂದ.

ಮ್ಯಾಚು ಒಂದು ಸೊನ್ನೆಗೆ ಸೋತೆವು. ಗೋಲು ತಲೆಯಿಂದಲೇ ಬಿತ್ತು. ನಾನು ಗಂಟಲು ಹರಿಯೋ ಹಾಗೆ ಹಾಲು-ಕಾಲು ಕೂಗಿದ್ದು ದಂಡ.

ಮನೆಗೆ ಹೋಗುವಾಗ ಮಾವ ಡಬ್ಬಿಯನ್ನ ನನ್ನ ಕೈಗಿಟ್ಟರು. "ಬರೋ ವರ್ಷದಿಂದ ನೀವೇ ಅಲ್ಲಾಡಿಸ್ರಿ. ನಂಗೆ ತೋಳು ನೋವು."

ಗಂಟಲು ಕೆಳಪೇಟೆದು, ಗಂಟಿನ ಮೇಲಿಟ್ಟ ಬೆರಳು ಮೇಲ್ಪೇಟೆದು... ನೀವೇ ಹೇಳಿ, ನಾನೀಗ ಯಾವ ಟೀಮು?